ಸ್ತನ ಕ್ಯಾನ್ಸರಿಗೆ ರೇಡಿಯೇಷನ್: ಮುಗಿದ ಮೇಲೂ ಮುಗಿಯದ ಚಿಕಿತ್ಸೆ

ಆಪರೇಷನ್ ಆಯಿತು, ಕೀಮೋ ಆಯಿತು, ಇನ್ನು ರೇಡಿಯೇಷನ್ ಒಂದೇ ತಾನೇ, ಅದೇನು ದೊಡ್ಡದಲ್ಲ ಬಿಡಿ. ನನಗೆ ಈ ಮಾತು ಹೇಳದವರೇ ಇರಲಿಲ್ಲ. ಅದರಲ್ಲಿ ಅರ್ಧ ನಿಜ. ಯಂತ್ರದ ಕೆಳಗೆ ಮಲಗುವುದು ನಿಜಕ್ಕೂ ದೊಡ್ಡದಲ್ಲ. ನೋವಿಲ್ಲ, ಸೂಜಿಯಿಲ್ಲ, ವಾಂತಿಯಿಲ್ಲ. ಆದರೆ ಅದಕ್ಕೆ ಮೊದಲಿನ ಕಾಯುವಿಕೆಯ ಬಗ್ಗೆಯಾಗಲಿ, ಎಲ್ಲ ಮುಗಿಯಿತೆಂದು ಮನೆಯವರು ಉಸಿರು ಬಿಟ್ಟ ಮೇಲೆ ಬರುವ ಎರಡು ವಾರಗಳ ಬಗ್ಗೆಯಾಗಲಿ ಯಾರೂ ಬಾಯಿ ಬಿಟ್ಟಿರಲಿಲ್ಲ. ನನ್ನ ಚರ್ಮ ಈಗಷ್ಟೇ ಮಾಯುತ್ತಿದೆ. ಮರೆಯುವ ಮೊದಲೇ ಬರೆದುಬಿಡೋಣವೆಂದು ಕೂತಿದ್ದೇನೆ.

ನನ್ನದು ಎಡಸ್ತನ. ಗಡ್ಡೆಯನ್ನಷ್ಟೇ ತೆಗೆದು ಸ್ತನ ಉಳಿಸಿದ್ದರು. ಕಂಕುಳಿನ ದುಗ್ಧ ಗ್ರಂಥಿಗಳಲ್ಲೂ ಕ್ಯಾನ್ಸರ್ ಕಾಣಿಸಿತ್ತು. ಗಡ್ಡೆ ತೆಗೆದ ಮೇಲೆ ಮತ್ತೆ ಇದೇಕೆ ಎಂದು ಕೇಳಿದ್ದಕ್ಕೆ ಡಾಕ್ಟರು ಹಳೆಯ ಅಧ್ಯಯನವೊಂದರ ಲೆಕ್ಕ ಹೇಳಿದರು. ಬರ್ನಾರ್ಡ್ ಫಿಶರ್ ಮತ್ತು ಅವರ ಸಂಗಡಿಗರು ಅಮೆರಿಕದಲ್ಲಿ 20 ವರ್ಷ ರೋಗಿಗಳ ಜಾಡು ಹಿಡಿದು 2002ರಲ್ಲಿ ಪ್ರಕಟಿಸಿದ್ದು. ಗಡ್ಡೆ ಮಾತ್ರ ತೆಗೆಸಿಕೊಂಡವರಲ್ಲಿ ಸುಮಾರು ಶೇ. 39 ಮಂದಿಗೆ ಅದೇ ಸ್ತನದಲ್ಲಿ ಕ್ಯಾನ್ಸರ್ ಮರಳಿತ್ತು. ರೇಡಿಯೇಷನ್ನೂ ಪಡೆದವರಲ್ಲಿ ಶೇ. 14 ಮಂದಿಗೆ. ಆಮೇಲೆ ನಾನು ಹೆಚ್ಚು ವಾದ ಮಾಡಲಿಲ್ಲ. ಸ್ತನವನ್ನು ಪೂರ್ತಿ ತೆಗೆಸಿಬಿಟ್ಟರೆ ರೇಡಿಯೇಷನ್ ತಪ್ಪುತ್ತದೆ ಎಂದು ಲೆಕ್ಕ ಹಾಕುತ್ತಿರುವವರಿಗೆ ಇಲ್ಲೇ ಹೇಳಿಬಿಡುತ್ತೇನೆ: ಹಾಗೇನೂ ಖಾತರಿಯಿಲ್ಲ. ಗಡ್ಡೆ ದೊಡ್ಡದಿದ್ದರೆ, ಗ್ರಂಥಿಗಳಿಗೆ ಹರಡಿದ್ದರೆ ಆಗಲೂ ಕೊಡುತ್ತಾರೆ.

ರೇಡಿಯೇಷನ್ ಡಾಕ್ಟರ ಮೊದಲ ಭೇಟಿಗೆ ದಪ್ಪ ಫೈಲು ಹೊತ್ತು ಹೋಗಿದ್ದೆ. ಅವರು ಕೇಳಿದ್ದು ಅದರಲ್ಲಿ ಇಲ್ಲದ ಒಂದೇ ಹಾಳೆಯನ್ನು. ಅದು ಡಿಸ್ಚಾರ್ಜ್ ಸಮ್ಮರಿ ಅಲ್ಲ, ಆಪರೇಷನ್ ನೋಟ್. ಗಡ್ಡೆ ಇದ್ದ ಜಾಗದಲ್ಲಿ ಸರ್ಜನ್ ಸಣ್ಣ ಲೋಹದ ಕ್ಲಿಪ್ ಬಿಟ್ಟಿದ್ದಾರೆಯೇ, ಎಷ್ಟು ಗ್ರಂಥಿ ತೆಗೆದರು, ಎಲ್ಲಿಂದ ತೆಗೆದರು ಎಂಬುದೆಲ್ಲ ಅದರಲ್ಲಿರುತ್ತದೆ. ನನ್ನ ಆಪರೇಷನ್ ಬೇರೆ ಆಸ್ಪತ್ರೆಯಲ್ಲಿ ಆಗಿದ್ದರಿಂದ ಅಲ್ಲಿನ ರೆಕಾರ್ಡ್ ವಿಭಾಗಕ್ಕೆ ಅರ್ಜಿ, ಸಹಿ, ‘ನಾಳೆ ಬನ್ನಿ’ ಎಲ್ಲವೂ ಆಯಿತು. ನೀವು ಹೊರಡುವ ಮುಂಚೆ ಇಷ್ಟನ್ನು ಒಂದು ಕಡೆ ಸೇರಿಸಿಟ್ಟುಕೊಳ್ಳಿ: ಬಯಾಪ್ಸಿ ವರದಿ, ಆಪರೇಷನ್ ನೋಟ್, ಆಪರೇಷನ್ ನಂತರದ ಪೂರ್ತಿ ಹಿಸ್ಟೋಪೆಥಾಲಜಿ ವರದಿ, ಅಂದರೆ ತೆಗೆದ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಬರೆದದ್ದು (ತುಣುಕಿನ ಅಂಚಿನಲ್ಲಿ ಕ್ಯಾನ್ಸರ್ ಉಳಿದಿಲ್ಲವೇ ಎಂಬುದು ಅದರಲ್ಲೇ ಇರುವುದು), ಇಆರ್-ಪಿಆರ್-ಹರ್2 ವರದಿ (ಗಡ್ಡೆಯಲ್ಲಿ ಹಾರ್ಮೋನ್ ಗ್ರಾಹಕಗಳು, ಹರ್2 ಎಂಬ ಪ್ರೋಟೀನ್ ಇವೆಯೇ ಎಂಬುದು), ಕೀಮೋ ಚಾರ್ಟು, ಮತ್ತು ಎಲ್ಲಕ್ಕಿಂತ ಮೊದಲು ಮಾಡಿಸಿದ ಮ್ಯಾಮೋಗ್ರಾಂ, ಸ್ಕ್ಯಾನುಗಳ ಸಿ.ಡಿ. ಕೀಮೋ ಮೊದಲು ಮಾಡಿ ಆಪರೇಷನ್ ಆಮೇಲೆ ಮಾಡಿದವರಿಗೆ ಈ ಹಳೆಯ ಸ್ಕ್ಯಾನುಗಳೇ ಮುಖ್ಯ. ಗಡ್ಡೆ ಮೊದಲು ಎಷ್ಟಿತ್ತು ಎಂಬುದರ ಮೇಲೆ ತೀರ್ಮಾನ ನಿಂತಿರುತ್ತದೆ, ಈಗ ಎಷ್ಟು ಕರಗಿದೆ ಎಂಬುದರ ಮೇಲಷ್ಟೇ ಅಲ್ಲ. ಪೇಸ್‌ಮೇಕರ್ ಇದ್ದರೆ, ಹಿಂದೆಂದಾದರೂ ಎದೆಗೆ ರೇಡಿಯೇಷನ್ ಆಗಿದ್ದರೆ, ಗರ್ಭಿಣಿಯಾಗಿರುವ ಸಾಧ್ಯತೆ ಇದ್ದರೆ ಅವರು ಕೇಳುವ ತನಕ ಕಾಯದೆ ಹೇಳಿ.

ಎಷ್ಟು ದಿನ ಎಂಬ ಪ್ರಶ್ನೆಗೆ ಒಬ್ಬೊಬ್ಬರಿಂದ ಒಂದೊಂದು ಉತ್ತರ ಕೇಳಿ ತಲೆ ಕೆಟ್ಟಿತ್ತು. ಎಲ್ಲರೂ ನಿಜವನ್ನೇ ಹೇಳುತ್ತಿದ್ದರು ಎಂದು ಆಮೇಲೆ ತಿಳಿಯಿತು. ರೇಡಿಯೇಷನ್ ಅಳೆಯುವ ಮಾನ ‘ಗ್ರೇ’. ಮೊದಲೆಲ್ಲ 50 ಗ್ರೇಯನ್ನು 25 ಕಂತುಗಳಲ್ಲಿ, ಅಂದರೆ ಐದು ವಾರ ಕೊಡುತ್ತಿದ್ದರು. ಬ್ರಿಟನ್ನಿನ ‘ಸ್ಟಾರ್ಟ್’ ಅಧ್ಯಯನಗಳ ನಂತರ 40 ಗ್ರೇ, 15 ಕಂತು, ಮೂರು ವಾರ ಎಂಬುದು ಬಳಕೆಗೆ ಬಂತು. ಅಲ್ಲಿಯದೇ ‘ಫಾಸ್ಟ್ ಫಾರ್ವರ್ಡ್’ ಅಧ್ಯಯನ 2020ರಲ್ಲಿ ಪ್ರಕಟವಾದ ಮೇಲೆ ಕೆಲವರಿಗೆ 26 ಗ್ರೇ, 5 ಕಂತು, ಒಂದೇ ವಾರ. ಇವುಗಳ ಮೇಲೆ, ಗಡ್ಡೆ ಇದ್ದ ಜಾಗಕ್ಕಷ್ಟೇ ಇನ್ನಷ್ಟು ಕೊಡುವ ‘ಬೂಸ್ಟ್’ ಬೇರೆ. ನನಗೆ ಮೂರು ವಾರದ್ದು, ಜೊತೆಗೆ ಬೂಸ್ಟ್. ಕಡಿಮೆ ದಿನ ಎಂದರೆ ಕಡಿಮೆ ಚಿಕಿತ್ಸೆ ಎಂದು ನನ್ನ ಅತ್ತಿಗೆಗೆ ಅನುಮಾನ. ಹಾಗಲ್ಲ, ಪ್ರತಿ ಕಂತಿನ ಪ್ರಮಾಣ ಹೆಚ್ಚಿರುತ್ತದೆ. ನಿಮಗೆ ಯಾವುದು, ಯಾಕೆ ಎಂದು ಕೇಳಿ. ಬಾಯಿ ಬಿಟ್ಟು ಕೇಳಿದರೆ ಹೇಳುತ್ತಾರೆ.

ದುಡ್ಡಿನ ವಿಷಯವನ್ನೂ ಅದೇ ದಿನ ಬಿಡಿಸಿ ಕೇಳುವುದು ಒಳ್ಳೆಯದು. ಪ್ಯಾಕೇಜ್ ಎಂದು ಒಂದು ಮೊತ್ತ ಹೇಳುತ್ತಾರೆ. ಅದರಲ್ಲಿ ಸಿಮ್ಯುಲೇಷನ್ ಸ್ಕ್ಯಾನ್ (ಚಿಕಿತ್ಸೆಗೆ ಮೊದಲಿನ ಅಳತೆಯ ಸ್ಕ್ಯಾನ್), ಪ್ಲಾನಿಂಗ್, ಬೂಸ್ಟ್, ವಾರದ ತಪಾಸಣೆ ಸೇರಿದೆಯೇ ಇಲ್ಲವೇ ಎಂಬುದು ಬೇರೆ ಮಾತು. ಯಾವ ತಂತ್ರದಲ್ಲಿ ಕೊಡುತ್ತಾರೆ, ಜಾಗದ ಆಕಾರಕ್ಕೆ ಕಿರಣ ಹೊಂದಿಸುವ 3ಡಿ ಕನ್‌ಫಾರ್ಮಲ್ಲೋ, ಕಿರಣದ ಬಲವನ್ನೂ ಅಲ್ಲಲ್ಲಿಗೆ ಬದಲಿಸುವ ಐಎಂಆರ್‌ಟಿಯೋ ಎಂಬುದರ ಮೇಲೆ ಬೆಲೆ ಏರುತ್ತದೆ. ದುಬಾರಿಯದೇ ಎಲ್ಲರಿಗೂ ಬೇಕೆಂದೇನಿಲ್ಲ; ನಿಮ್ಮ ದೇಹಕ್ಕೆ, ನಿಮ್ಮ ಗ್ರಂಥಿಗಳ ಸ್ಥಿತಿಗೆ ಅದರಿಂದ ಏನು ಲಾಭ ಎಂದು ಕೇಳುವುದರಲ್ಲಿ ತಪ್ಪಿಲ್ಲ. ವಿಮೆ ಇದ್ದವರು ಅನುಮತಿ ಪತ್ರದಲ್ಲಿ ಬೂಸ್ಟನ್ನೂ ಸೇರಿಸಿಸಿ. ನನ್ನದರಲ್ಲಿ ಅದು ಬಿಟ್ಟುಹೋಗಿ, ಕೊನೆಯ ವಾರ ಮತ್ತೆ ಹೊಸ ಅನುಮತಿಗೆ ಓಡಾಡಬೇಕಾಯಿತು. ಬಿಲ್ಲಿನಲ್ಲಿ ಕಾಣದ ಖರ್ಚೂ ಇದೆ: ದಿನದಿನದ ಓಡಾಟ, ದೂರದವರಿಗೆ ಆಸ್ಪತ್ರೆ ಹತ್ತಿರದ ಬಾಡಿಗೆ ಕೋಣೆ, ಜೊತೆಗೆ ಬರುವವರ ರಜೆ. ಮೂರು ವಾರಕ್ಕೂ ಐದು ವಾರಕ್ಕೂ ಇರುವ ನಿಜವಾದ ವ್ಯತ್ಯಾಸ ಇಲ್ಲೇ ಗೊತ್ತಾಗುವುದು.

ಇನ್ನು ನಾನು ಊಹಿಸದೇ ಇದ್ದ ಅಡ್ಡಿ: ಭುಜ. ರೇಡಿಯೇಷನ್‌ನಲ್ಲಿ ಕೈ ತಲೆಯ ಮೇಲೆ ಎತ್ತಿ, ಹಿಡಿಕೆ ಹಿಡಿದು, ಅಲುಗಾಡದೆ ಮಲಗಬೇಕು. ಕಂಕುಳಿನ ಆಪರೇಷನ್ ಆದ ಮೇಲೆ ನನ್ನ ಎಡಗೈ ಕಿವಿಯ ಮಟ್ಟಕ್ಕೂ ಏರುತ್ತಿರಲಿಲ್ಲ. ಕಂಕುಳಿನಿಂದ ಮೊಣಕೈಯವರೆಗೆ ಚರ್ಮದಡಿ ಬಿಗಿದ ನಾರು ಎದ್ದು ಕಾಣುತ್ತಿತ್ತು. ಸಿಮ್ಯುಲೇಷನ್ ಮೇಜಿನ ತನಕ ಹೋದವಳನ್ನು ‘ಕೈ ಇಷ್ಟು ಸಾಲದಮ್ಮಾ’ ಎಂದು ಫಿಸಿಯೋಥೆರಪಿಗೆ ಕಳಿಸಿದರು. ಅವತ್ತು ನಾನು ಅತ್ತದ್ದು ನೋವಿಗಲ್ಲ, ದಿನ ಮುಂದೆ ಹೋಯಿತಲ್ಲ ಎಂಬ ಭಯಕ್ಕೆ. ಗೋಡೆಯ ಮೇಲೆ ಬೆರಳು ನಡೆಸಿಕೊಂಡು ಹೋಗುವುದು, ಮಲಗಿ ಕೋಲು ಹಿಡಿದು ಎರಡೂ ಕೈ ಒಟ್ಟಿಗೆ ಎತ್ತುವುದು, ಇಂಥವನ್ನೇ ದಿನಕ್ಕೆ ಹಲವು ಬಾರಿ ಮಾಡಿದೆ. ಕೈ ಎದ್ದಿತು. ಸರ್ಜನ್ ಒಪ್ಪಿದ ದಿನದಿಂದಲೇ ವ್ಯಾಯಾಮ ಶುರುಮಾಡಿ, ರೇಡಿಯೇಷನ್ ದಿನಾಂಕ ಬರಲಿ ಎಂದು ಕಾಯಬೇಡಿ.

ಸಿಮ್ಯುಲೇಷನ್ ಎಂದರೆ ಚಿಕಿತ್ಸೆಯಲ್ಲ, ಅಳತೆ. ಇಳಿಜಾರಾದ ಹಲಗೆಯ ಮೇಲೆ ಮಲಗಿಸಿ, ಗಾಯದ ಗುರುತಿನ ಮೇಲೆ ಸಣ್ಣ ತಂತಿ ಅಂಟಿಸಿ, ಸಿ.ಟಿ. ತೆಗೆಯುತ್ತಾರೆ. ಸೊಂಟದ ಮೇಲೆ ಬಟ್ಟೆ ಇರುವುದಿಲ್ಲ, ಸುತ್ತ ಮೂರ್ನಾಲ್ಕು ಜನ, ಅದರಲ್ಲಿ ಗಂಡಸರೂ ಇರಬಹುದು. ಆಪರೇಷನ್ನಿಗೆ ಅರಿವಳಿಕೆಯಾದರೂ ಇತ್ತು. ಇಲ್ಲಿ ಕಣ್ಣು ತೆರೆದೇ ಇರುತ್ತದೆ. ನನಗೆ ಅದು ಕಷ್ಟವಾಯಿತು. ಹೆಣ್ಣುಮಕ್ಕಳೊಬ್ಬರು ಕೋಣೆಯಲ್ಲಿರಲಿ, ಅಳತೆ ಮುಗಿದ ಕೂಡಲೇ ಹೊದಿಸಿ ಎಂದು ಕೇಳಿದೆ, ಹಾಗೇ ಮಾಡಿದರು. ಕೊನೆಗೆ ಸೂಜಿಮೊನೆಯಷ್ಟು ದೊಡ್ಡ ಹಚ್ಚೆಯ ಚುಕ್ಕೆಗಳನ್ನು ಹಾಕಿದರು. ಅವು ಅಳಿಸುವುದಿಲ್ಲ. ಕೆಲವು ಕಡೆ ಹಚ್ಚೆಯ ಬದಲು ಶಾಯಿ ಗೆರೆ ಎಳೆಯುತ್ತಾರೆ. ಆಗ ಸ್ನಾನದಲ್ಲಿ ಉಜ್ಜಿ ಅಳಿಸದಂತೆ, ಅಳಿಸಿದರೆ ನಾವೇ ಮತ್ತೆ ಎಳೆದುಕೊಳ್ಳದಂತೆ ನೋಡಿಕೊಳ್ಳಬೇಕು. ಶಾಯಿ ಬಟ್ಟೆಗೂ ಹತ್ತುತ್ತದೆ, ಹಳೆಯವನ್ನೇ ಉಟ್ಟುಕೊಳ್ಳಿ.

ಎಡಸ್ತನದವರಿಗೆ ಇನ್ನೊಂದು ಪಾಠ: ಉಸಿರು ಹಿಡಿಯುವುದು. ಆಳವಾಗಿ ಉಸಿರೆಳೆದು ತಡೆದಾಗ ಶ್ವಾಸಕೋಶ ಉಬ್ಬಿ, ಹೃದಯ ಎದೆಗೂಡಿನ ಗೋಡೆಯಿಂದ ದೂರ ಸರಿಯುತ್ತದೆ. ಆ ಹೊತ್ತಿನಲ್ಲೇ ಕಿರಣ ಬಿಡುತ್ತಾರೆ. ಹೃದಯಕ್ಕೆ ಬೀಳುವ ಸರಾಸರಿ ಪ್ರಮಾಣ ಒಂದು ಗ್ರೇ ಹೆಚ್ಚಿದರೆ ಮುಂದೆ ಹೃದ್ರೋಗದ ಅಪಾಯ ಇದ್ದುದಕ್ಕಿಂತ ಸುಮಾರು ಶೇ. 7ರಷ್ಟು ಏರುತ್ತದೆಂದು 2013ರ ಅಧ್ಯಯನವೊಂದು ತೋರಿಸಿತ್ತು, ಅದಕ್ಕೇ ಇಷ್ಟು ಮುತುವರ್ಜಿ. ಇಪ್ಪತ್ತು ಸೆಕೆಂಡಿನಷ್ಟು ತಡೆದರೆ ಸಾಕು. ಮನೆಯಲ್ಲಿ ಮಗಳು ಗಡಿಯಾರ ಹಿಡಿದು ಅಭ್ಯಾಸ ಮಾಡಿಸಿದಳು. ಹೊಟ್ಟೆಯಿಂದಲ್ಲ, ಎದೆಯಿಂದ ಎಳೆಯಬೇಕು. ಮಲಗಿಕೊಂಡೇ, ಕೈ ಮೇಲೆತ್ತಿಯೇ ಅಭ್ಯಾಸ ಮಾಡಬೇಕು. ತಡೆಯಲಾಗದಿದ್ದರೆ ಬಿಟ್ಟುಬಿಡಿ, ಯಂತ್ರ ತಾನಾಗಿ ನಿಲ್ಲುತ್ತದೆ ಅಥವಾ ಅವರು ನಿಲ್ಲಿಸುತ್ತಾರೆ.

ಅಳತೆಯಾದ ಮೇಲೆ ಮತ್ತೆ ಕಾಯುವುದು. ವಾರ ದಾಟಿದರೂ ಫೋನಿಲ್ಲ. ಈ ಅವಧಿಯಲ್ಲಿ ಏನೂ ನಡೆಯುತ್ತಿಲ್ಲವೆಂದು ಅನ್ನಿಸುತ್ತದೆ, ಒಳಗೆ ಮತ್ತೇನೋ ಬೆಳೆಯುತ್ತಿದೆಯೆಂಬ ಭಯವೂ ರಾತ್ರಿ ಏಳುತ್ತದೆ. ನಿಜದಲ್ಲಿ ಆಗಲೇ ಹೆಚ್ಚು ಕೆಲಸ ನಡೆಯುವುದು. ಡಾಕ್ಟರು ಸ್ಕ್ಯಾನಿನ ಒಂದೊಂದು ಪದರದಲ್ಲೂ ಸ್ತನ, ಹೃದಯ, ಶ್ವಾಸಕೋಶದ ಗಡಿ ಎಳೆಯುತ್ತಾರೆ. ಮೆಡಿಕಲ್ ಫಿಸಿಸಿಸ್ಟ್ ಎಂಬವರು ಯಾವ ಕೋನದಿಂದ ಎಷ್ಟು ಕಿರಣ ಎಂದು ಲೆಕ್ಕ ಹಾಕುತ್ತಾರೆ, ಆಮೇಲೆ ಅದನ್ನು ಪರೀಕ್ಷಿಸುತ್ತಾರೆ. ಇದು ತಿಳಿದ ಮೇಲೆ ನನ್ನ ಸಿಟ್ಟು ಸ್ವಲ್ಪ ಇಳಿಯಿತು. ಆದರೂ ಒಂದು ಫೋನು ಮಾಡಿ ‘ಪ್ಲಾನ್ ಆಗುತ್ತಿದೆ, ಇಂಥ ದಿನ ಬನ್ನಿ’ ಎಂದು ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು ಎಂಬ ಪ್ರಶ್ನೆ ಹಾಗೇ ಉಳಿದಿದೆ.

ಮೊದಲ ದಿನ ಹೆಚ್ಚು ಹೊತ್ತು ಹಿಡಿಯಿತು. ಚಿತ್ರ ತೆಗೆದು ಪ್ಲಾನಿನೊಡನೆ ಹೊಂದಿಸಿ ನೋಡುತ್ತಾರೆ. ತಂತ್ರಜ್ಞರು ಅರ್ಧ ಸೆಂಟಿಮೀಟರಿಗೂ ಜಗ್ಗಾಡುತ್ತಾರೆ, ನಾವು ಉಪಕಾರ ಮಾಡೋಣವೆಂದು ಮೈ ಸರಿಸಿದರೆ ಎಲ್ಲ ಕೆಡುತ್ತದೆ. ‘ನೀವು ಸಹಾಯ ಮಾಡಬೇಡಿ ಅಮ್ಮಾ, ಭಾರ ಬಿಟ್ಟು ಮಲಗಿ’ ಎಂದಳು ಅವರಲ್ಲೊಬ್ಬ ಹುಡುಗಿ. ಗೋಣಿಚೀಲದಂತೆ ಬಿದ್ದುಕೊಳ್ಳುವುದು ಕಲಿಯಬೇಕಾದ ವಿದ್ಯೆ. ಆಮೇಲೆ ಎಲ್ಲರೂ ಹೊರಗೆ ಹೋಗಿ ದಪ್ಪ ಬಾಗಿಲು ಮುಚ್ಚುತ್ತಾರೆ. ಆ ಕ್ಷಣ ಎದೆ ಧಸಕ್ಕೆಂದಿತು, ಇಷ್ಟು ಜನ ಹೆದರಿ ಓಡುವಂಥದ್ದನ್ನು ನನ್ನ ಮೇಲೆ ಬಿಡುತ್ತಾರಾ ಎಂದು. ಅವರು ದಿನಕ್ಕೆ ಹತ್ತಾರು ರೋಗಿಗಳನ್ನು ನೋಡುವವರು, ವರ್ಷಗಟ್ಟಲೆ, ಅವರು ಹೊರಗಿರಲೇಬೇಕು. ಕ್ಯಾಮೆರಾದಲ್ಲಿ ನೋಡುತ್ತಿರುತ್ತಾರೆ, ಮೈಕಿನಲ್ಲಿ ಮಾತಾಡುತ್ತಾರೆ. ಯಂತ್ರ ಸುತ್ತ ತಿರುಗಿ ಒಂದಿಷ್ಟು ಗುಂಯ್‌ಗುಟ್ಟುತ್ತದೆ. ಬಿಸಿಯಿಲ್ಲ, ಬೆಳಕಿಲ್ಲ. ಕಿರಣ ಬೀಳುವುದು ಕೆಲವೇ ನಿಮಿಷ. ಉಳಿದದ್ದೆಲ್ಲ ಹೊಂದಿಸುವ ಹೊತ್ತು.

ಅಲ್ಲಿಂದ ಮುಂದೆ ವಾರಕ್ಕೆ ಐದು ದಿನ ಇದೇ ದಿನಚರಿ, ಎರಡು ದಿನ ಬಿಡುವು. ಕೊಟ್ಟ ಸಮಯಕ್ಕೆ ಕರೆದದ್ದಕ್ಕಿಂತ ಕಾದು ಕೂತದ್ದೇ ಹೆಚ್ಚು. ಒಮ್ಮೆ ಯಂತ್ರ ಕೆಟ್ಟು ವಾಪಸು ಕಳಿಸಿದರು. ಹಾಗೆ ತಪ್ಪಿದ ಕಂತನ್ನು ಕೊನೆಗೆ ಸೇರಿಸುತ್ತಾರೆ, ಗಾಬರಿ ಬೇಡ. ಆದರೆ ಮದುವೆ, ಮುಂಜಿ ಎಂದು ನಾವಾಗಿ ತಪ್ಪಿಸುವುದು ಬೇಡ. ನಡುವೆ ಅಂತರ ಬಿದ್ದಷ್ಟೂ ಚಿಕಿತ್ಸೆಯ ಬಲ ತಗ್ಗುತ್ತದೆ. ಕಾಯುವ ಬೆಂಚಿನ ಮೇಲೆ ‘ನಿಮ್ಮದು ಎಷ್ಟನೇ ಕರೆಂಟು?’ ಎಂದೇ ಪರಿಚಯ ಶುರು; ಕಂತಿಗೆ ಅಲ್ಲಿನವರ ಹೆಸರು ಕರೆಂಟು. ಮುಂದೆ ಗುಂಡಿ ಇರುವ ಸಡಿಲ ಅಂಗಿ ಹಾಕಿಕೊಂಡು ಹೋಗಬೇಕು, ಕತ್ತಿನ ಸರ ಮನೆಯಲ್ಲೇ ಬಿಡಬೇಕು ಎಂಬಂಥ ಉಪಯೋಗದ ಮಾತು ಹೇಳಿಕೊಟ್ಟದ್ದು ಆ ಬೆಂಚೇ. ಬೇಡದ್ದನ್ನೂ ಹೇಳಿತು. ತಲೆಕೂದಲು ಮತ್ತೆ ಉದುರುತ್ತದೆ ಎಂದರು ಒಬ್ಬರು. ಉದುರುವುದಿಲ್ಲ. ಕಿರಣ ಬಿದ್ದಲ್ಲಿ ಮಾತ್ರ, ಅಂದರೆ ಕಂಕುಳಿನಲ್ಲಿ ಉದುರಬಹುದು. ಕೀಮೋ ನಂತರ ನನ್ನ ತಲೆಯಲ್ಲಿ ಚಿಗುರಿದ್ದ ಕೂದಲು ಆರಾಮಾಗಿ ಬೆಳೆಯಿತು.

ಮನಸ್ಸಿಗೆ ಚುಚ್ಚಿದ್ದು ಬೇರೆ. ನಾದಿನಿ ತನ್ನ ಕೂಸನ್ನು ನನ್ನ ತೊಡೆಯ ಮೇಲೆ ಬಿಡಲಿಲ್ಲ. ‘ಬೇಜಾರು ಮಾಡ್ಕೋಬೇಡಿ ಅತ್ತಿಗೆ, ನಿಮ್ಮ ಮೈಯಿಂದ ಕಿರಣ ಬರುತ್ತಂತೆ’ ಎಂದಳು. ಮುಂದಿನ ತಪಾಸಣೆಗೆ ಅವಳನ್ನೇ ಜೊತೆಗೆ ಕರೆದುಕೊಂಡು ಹೋಗಿ ಡಾಕ್ಟರ ಬಾಯಿಂದಲೇ ಹೇಳಿಸಿದೆ. ಹೊರಗಿನ ಯಂತ್ರದಿಂದ ಕೊಡುವ ಚಿಕಿತ್ಸೆಯಲ್ಲಿ ಯಂತ್ರ ನಿಂತ ಕ್ಷಣ ಕಿರಣವೂ ನಿಂತಿತು. ಮೈಯಲ್ಲಿ ಏನೂ ಉಳಿಯುವುದಿಲ್ಲ. ಮಕ್ಕಳನ್ನು ಎತ್ತಿಕೊಳ್ಳಬಹುದು, ಗರ್ಭಿಣಿಯರ ಪಕ್ಕ ಕೂರಬಹುದು, ಗಂಡನ ಜೊತೆ ಒಂದೇ ಹಾಸಿಗೆಯಲ್ಲಿ ಮಲಗಬಹುದು. ಇದನ್ನು ಮೊದಲ ದಿನವೇ ಮನೆಯವರೆಲ್ಲರ ಎದುರು ಹೇಳಿಸಿಬಿಡಿ.

ಎರಡನೇ ವಾರದ ಕೊನೆಗೆ ಚರ್ಮ ಮಾತಾಡಲು ಶುರುಮಾಡಿತು. ಕೈಪಿಡಿಗಳಲ್ಲಿ ‘ಕೆಂಪಾಗುತ್ತದೆ’ ಎಂದಿರುತ್ತದೆ. ನಮ್ಮಂಥ ಕಂದು, ಕಪ್ಪು ಬಣ್ಣದವರಲ್ಲಿ ಕೆಂಪು ಕಾಣುವುದು ಕಡಿಮೆ, ಕಪ್ಪಾಗುವುದೇ ಹೆಚ್ಚು. ಕೆಂಪಾಗಿಲ್ಲವಲ್ಲ, ಹಾಗಾದರೆ ಏನೂ ಆಗಿಲ್ಲ ಎಂದುಕೊಳ್ಳಬೇಡಿ. ಮುಟ್ಟಿದರೆ ಬಿಸಿ, ತುರಿಕೆ, ಮೊಲೆತೊಟ್ಟು ಬಟ್ಟೆ ತಗುಲಿದರೂ ಉರಿ. ಸ್ತನ ಸ್ವಲ್ಪ ಊದಿ ಭಾರವಾಯಿತು, ಆಗಾಗ ಛಳಕ್ಕೆಂದು ಚುಚ್ಚುತ್ತಿತ್ತು. ಅದು ಕ್ಯಾನ್ಸರ್ ಮರಳಿದ ಲಕ್ಷಣವಲ್ಲ. ಕೊರಳ ಬುಡದ ಗ್ರಂಥಿಗಳಿಗೂ ಕಿರಣ ಬೀಳುತ್ತಿದ್ದುದರಿಂದ ನುಂಗುವಾಗ ಗಂಟಲು ನೋಯುತ್ತಿತ್ತು. ಸ್ತನಕ್ಕೆ ಮಾತ್ರ ಪಡೆಯುವವರಿಗೆ ಇದು ಸಾಮಾನ್ಯವಾಗಿ ಬರುವುದಿಲ್ಲ.

ನನಗೆ ನಡೆದದ್ದು ಇಷ್ಟು: ಉಗುರುಬೆಚ್ಚಗಿನ ನೀರು, ವಾಸನೆಯಿಲ್ಲದ ಮೃದು ಸೋಪು, ಉಜ್ಜದೆ ಮೆತ್ತಗೆ ಒತ್ತಿ ಒರೆಸುವುದು, ಡಾಕ್ಟರು ಬರೆದುಕೊಟ್ಟ ಕ್ರೀಮು. ಆ ಕ್ರೀಮನ್ನು ಯಂತ್ರಕ್ಕೆ ಹೋಗುವ ಮುಂಚೆ ದಪ್ಪಗೆ ಮೆತ್ತಿಕೊಳ್ಳಬಾರದು, ಬಂದ ಮೇಲೆ ಹಚ್ಚಬೇಕು. ಕಂಕುಳಿಗೆ ರೇಜರ್ ಇಲ್ಲ, ಸುಗಂಧ, ಪೌಡರ್ ಇಲ್ಲ, ಬಿಸಿನೀರಿನ ಚೀಲವೂ ಮಂಜುಗಡ್ಡೆಯೂ ಇಲ್ಲ, ಬಿಸಿಲಂತೂ ಇಲ್ಲವೇ ಇಲ್ಲ. ತಂತಿ ಇರುವ ಬ್ರಾ ಬಿಟ್ಟುಬಿಡಿ. ಮೃದುವಾದ ಹತ್ತಿಯದು, ಇಲ್ಲವೇ ಮನೆಯಲ್ಲಿ ಏನೂ ಬೇಡ. ಮುಖ್ಯವಾಗಿ ಸ್ತನದ ಕೆಳಗಿನ ಮಡಿಕೆಯನ್ನು ಒಣಗಿಸಿ ಇಡಬೇಕು. ಚರ್ಮಕ್ಕೆ ಚರ್ಮ ತಾಗಿ ಬೆವರುವ ಆ ಜಾಗವೇ ಮೊದಲು ಬಿರಿಯುವುದು. ಮನೆಮದ್ದು ಹೇಳುವವರಿಗೆ ಬರವಿರಲಿಲ್ಲ. ಎಲ್ಲರಿಗೂ ಹೂಂ ಎಂದೆ, ಯಾವುದನ್ನೂ ಹಚ್ಚಲಿಲ್ಲ. ಹೆಚ್ಚಿನ ಪ್ರಮಾಣದ ವಿಟಮಿನ್ ಮಾತ್ರೆಗಳನ್ನೂ ಕೇಳದೆ ನುಂಗಬೇಡಿ.

ಸುಸ್ತಿನ ಬಗ್ಗೆ ಹೇಳುವುದು ಕಷ್ಟ. ಕೀಮೋದ ಸುಸ್ತು ಬಂದು ಅಪ್ಪಳಿಸಿ ಹೋಗುತ್ತದೆ, ಇದು ಹಾಗಲ್ಲ. ಎದ್ದು ಮುಖ ತೊಳೆದು ಬಂದರೆ ಮತ್ತೆ ಮಲಗೋಣ ಅನ್ನಿಸುತ್ತದೆ, ಮಲಗಿ ಎದ್ದರೂ ಕಡಿಮೆಯಾಗಿರುವುದಿಲ್ಲ. ವಾರ ಕಳೆದಂತೆ ಪೇರಿಸಿಕೊಳ್ಳುತ್ತಾ ಹೋಗುತ್ತದೆ. ಡಾಕ್ಟರು ‘ನಡೆಯಿರಿ’ ಎಂದಾಗ ಇವರಿಗೇನು ಗೊತ್ತು ಎಂದು ಕೋಪ ಬಂದಿತ್ತು. ಆದರೆ ಸಂಜೆ ಅರ್ಧ ಗಂಟೆ ನಿಧಾನವಾಗಿ ನಡೆದ ದಿನಗಳೇ ವಾಸಿಯಾಗಿದ್ದವು. ಬೆಳಗಿನ ಸ್ಲಾಟು ಕೇಳಿ ತೆಗೆದುಕೊಂಡೆ. ಉಳಿದ ದಿನ ನನ್ನದಾಯಿತು.

ಬೂಸ್ಟ್ ಮುಗಿದ ದಿನ ಮನೆಯಲ್ಲಿ ಸಂಭ್ರಮ. ಮಗಳು ಎಲ್ಲರಿಗೂ ಫೋನ್ ಮಾಡಿ ಹೇಳಿದಳು. ನನಗೆ ಮಾತ್ರ ಒಳಗೆ ಖಾಲಿ ಖಾಲಿ. ದಿನಾ ಯಾರೋ ನೋಡುತ್ತಿದ್ದರು, ಏನೋ ನಡೆಯುತ್ತಿತ್ತು. ನಾಳೆಯಿಂದ ಏನೂ ಇಲ್ಲ ಎಂಬುದೇ ಹೆದರಿಕೆ. ಈ ಭಾವ ಬಹಳ ಜನರಿಗೆ ಬರುತ್ತದಂತೆ, ಕೌನ್ಸೆಲರ್ ಹೇಳಿದರು. ನಾಚದೆ ಹೇಳಿಕೊಳ್ಳಿ.

ಅದಾಗಿ ವಾರ ಕಳೆಯುವಷ್ಟರಲ್ಲಿ ಮಡಿಕೆಯ ಚರ್ಮ ಸುಲಿದು ನೀರು ಒಸರತೊಡಗಿತು. ಕಂಕುಳಲ್ಲೂ ಹಾಗೇ. ಸುಸ್ತು ಇನ್ನೂ ಏರಿತು. ಮುಗಿದ ಮೇಲೆ ಹೀಗೇಕೆ ಹೆಚ್ಚುತ್ತಿದೆ ಎಂದು ದಿಗಿಲಾಗಿ ಆಸ್ಪತ್ರೆಗೆ ಫೋನ್ ಮಾಡಿದೆ. ನರ್ಸ್ ಸಮಾಧಾನವಾಗಿ ಹೇಳಿದರು: ಕಿರಣದ ಪರಿಣಾಮ ತಡವಾಗಿ ಮೇಲೆ ಬರುವುದು, ಕೊನೆಯ ಕಂತಿನ ನಂತರ ಒಂದೆರಡು ವಾರಕ್ಕೆ ಅದು ತುದಿ ಮುಟ್ಟುತ್ತದೆ, ಆಮೇಲೇ ಇಳಿಯುವುದು. ಬಂದು ತೋರಿಸಿ ಎಂದರು. ಗಾಯಕ್ಕೆ ಅಂಟದ ಸಿಲಿಕಾನ್ ಡ್ರೆಸಿಂಗ್ ಹಾಕಿಕೊಟ್ಟರು, ಅದೊಂದರಿಂದ ರಾತ್ರಿ ನಿದ್ದೆ ಬಂತು. ಜ್ವರ, ಕೀವು, ದುರ್ವಾಸನೆ, ದಿನದಿನಕ್ಕೆ ಹರಡುವ ಕೆಂಪು ಅಥವಾ ನೋವು ಇದ್ದರೆ ಮುಂದಿನ ಭೇಟಿಯ ದಿನಾಂಕಕ್ಕೆ ಕಾಯಬಾರದು. ನನಗೆ ಅಂಥದ್ದೇನೂ ಆಗಲಿಲ್ಲ. ಕೆಲವು ವಾರಗಳಲ್ಲಿ ಹೊಸ ಚರ್ಮ ಬಂತು. ಬಣ್ಣ ಇನ್ನೂ ಗಾಢವಾಗಿಯೇ ಇದೆ, ತಿಳಿಯಾಗಲು ತಿಂಗಳುಗಳು ಬೇಕಂತೆ.

ಆದ್ದರಿಂದ ರಜೆಯ ಲೆಕ್ಕ ಹಾಕುವಾಗ ಕೊನೆಯ ಕಂತಿನ ಮಾರನೇ ದಿನ ಕೆಲಸಕ್ಕೆ ಹಾಜರು ಎಂದು ಬರೆದುಕೊಡಬೇಡಿ. ಕೈಲಾದರೆ ಎರಡು ವಾರ ಮುಂದಕ್ಕೂ ಇಟ್ಟುಕೊಳ್ಳಿ. ನೆರವಿಗೆ ಬಂದ ಅಕ್ಕನನ್ನೋ ತಂಗಿಯನ್ನೋ ಅಂದೇ ಊರಿಗೆ ಕಳಿಸಬೇಡಿ. ಡ್ರೆಸಿಂಗ್ ಬದಲಿಸಲು ಕೈ ಬೇಕಾಗುವುದು ಆಗಲೇ.

ಚಿಕಿತ್ಸೆ ಮುಗಿಸಿ ಆಸ್ಪತ್ರೆಯಿಂದ ಬರುವ ಮುಂಚೆ ಟ್ರೀಟ್‌ಮೆಂಟ್ ಸಮ್ಮರಿ ಕೇಳಿ ತೆಗೆದುಕೊಳ್ಳಿ. ಎಷ್ಟು ಗ್ರೇ, ಎಷ್ಟು ಕಂತು, ಯಾವ ಭಾಗಕ್ಕೆ, ಉಸಿರು ಹಿಡಿಸಿ ಕೊಟ್ಟದ್ದೇ, ಬೂಸ್ಟ್ ಎಷ್ಟು, ಎಲ್ಲ ಅದರಲ್ಲಿರಬೇಕು. ಮುಂದೆಂದಾದರೂ ಅದೇ ಭಾಗಕ್ಕೆ ರೇಡಿಯೇಷನ್ ಯೋಚಿಸುವ ಪ್ರಸಂಗ ಬಂದರೆ ಈ ಹಾಳೆ ಇಲ್ಲದೆ ಯಾರೂ ಮುಂದುವರಿಯಲಾರರು. ಇನ್ನೂ ಹತ್ತಿರದ ಉಪಯೋಗವೂ ಇದೆ. ಕೆಲವರಿಗೆ ಕೆಲವು ವಾರ, ತಿಂಗಳುಗಳ ನಂತರ ಒಣಕೆಮ್ಮು, ಏದುಸಿರು ಕಾಣಿಸಿಕೊಳ್ಳಬಹುದು. ಕಿರಣ ತಾಗಿದ ಶ್ವಾಸಕೋಶದ ಉರಿಯೂತ ಅದು. ಬೇರೆ ಡಾಕ್ಟರ ಬಳಿ ಹೋದರೆ ಸಾಮಾನ್ಯ ಕೆಮ್ಮೆಂದು ಔಷಧಿ ಕೊಟ್ಟು ಕಳಿಸಿಬಿಡಬಹುದು. ಎದೆಗೆ ರೇಡಿಯೇಷನ್ ಆಗಿದೆ ಎಂದು ನೀವೇ ಮೊದಲು ಹೇಳಿ, ಹಾಳೆ ತೋರಿಸಿ.

ಭುಜದ ವ್ಯಾಯಾಮ ಈಗಲೂ ನಡೆದಿದೆ. ಮಾಯುತ್ತಾ ಒಳಗಿನ ಅಂಗಾಂಶ ಬಿಗಿಯುತ್ತದೆ, ಬಿಟ್ಟರೆ ಕೈ ಮತ್ತೆ ಇಳಿಯುತ್ತದೆ ಎಂದು ಫಿಸಿಯೋ ಎಚ್ಚರಿಸಿದ್ದಾರೆ. ಎಡಗೈ ಊದಿದೆಯೇ ಎಂದು ಆಗಾಗ ಬಲಗೈಯೊಡನೆ ಹೋಲಿಸಿ ನೋಡುತ್ತೇನೆ. ಬಳೆ ಬಿಗಿಯಾದರೆ, ಕೈ ಭಾರ ಅನ್ನಿಸಿದರೆ ತಡಮಾಡದೆ ತೋರಿಸಲು ಹೇಳಿದ್ದಾರೆ. ಹಾರ್ಮೋನ್ ಮಾತ್ರೆ ಶುರುವಾಗಿದೆ, ಅದು ವರ್ಷಗಳ ಮಾತು. ಮುಂದಿನ ಮ್ಯಾಮೋಗ್ರಾಂ ಯಾವಾಗ ಎಂದು ಕೇಳಿದ್ದಕ್ಕೆ, ಊತ ಇಳಿಯಲಿ, ಆರು ತಿಂಗಳಾದರೂ ಕಳೆಯಲಿ ಎಂದರು. ದಿನಾಂಕವನ್ನು ಫೈಲಿನ ಮೇಲೇ ಬರೆದಿಟ್ಟಿದ್ದೇನೆ.